ಊದುಬತ್ತಿ ಎಲ್ಲಿ ತಯಾರಾಗುತ್ತದೆ?

ಕಳೆದ ತಿಂಗಳು ನಮ್ಮ ವ್ಯವಹಾರ ಅಧ್ಯಯನದ ಸರ್ ತರಗತಿಗೆ ಒಂದು ಸಣ್ಣ ಕೆಲಸ ಕೊಟ್ಟರು. ಮನೆಯಲ್ಲಿರುವ ಯಾವುದಾದರೂ ಒಂದು ವಸ್ತು ತೆಗೆದುಕೊಳ್ಳಬೇಕು, ಅದು ಎಲ್ಲಿ ತಯಾರಾಯಿತು, ಯಾರ್ಯಾರ ಕೈ ದಾಟಿ ನಮ್ಮ ಮನೆಗೆ ಬಂತು ಎಂದು ಒಂದು ಪುಟ ಬರೆದು ತರಬೇಕು. ಹೆಚ್ಚಿನವರು ಮೊಬೈಲ್ ಆರಿಸಿಕೊಂಡರು. ನಾನು ಊದುಬತ್ತಿ ಪ್ಯಾಕೆಟ್ ಆರಿಸಿಕೊಂಡೆ. ನಿಜ ಹೇಳಬೇಕೆಂದರೆ ಸುಲಭವಾಗುತ್ತದೆ ಎಂಬ ಕಾರಣಕ್ಕೆ. ಪ್ಯಾಕೆಟ್ ಮೇಲೆ ಮೈಸೂರು ಎಂದು ಬರೆದಿದೆ, ಹುಣಸೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಬರೆಯುವುದಕ್ಕೆ ಇನ್ನೇನಿದೆ ಎಂದುಕೊಂಡಿದ್ದೆ.

ಆ ಸಂಜೆ ಪ್ಯಾಕೆಟ್ ಹಿಡಿದುಕೊಂಡು ದಾದಿಯ ಹತ್ತಿರ ಕುಳಿತೆ. ಅವರು ಒಂದು ಬತ್ತಿ ಎಳೆದು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ನೋಡಿದರು. "ಇದು ಕೈಯಲ್ಲಿ ಹೊಸೆದದ್ದಲ್ಲ" ಅಂದರು. "ಮೆಷಿನ್ ಬತ್ತಿ. ಕಡ್ಡಿಯೂ ನಮ್ಮ ಕಡೆಯದಲ್ಲ." ದಾದಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆದವರು. ಅವರು ಹೇಳಿದ ಮೇಲೆ ನನ್ನ ಒಂದು ಪುಟ ಹಾಳಾಯಿತು. ಅದರ ಬದಲಿಗೆ ಈ ಲೇಖನ ಬಂದಿದೆ.

ಮೊದಲು ಒಂದು ಸಣ್ಣ ಮಾತು. ಊದುಬತ್ತಿ ಎಂದರೆ ಊದಿ ಆರಿಸುವ ಬತ್ತಿ ಎಂದು ನನ್ನ ಕೆಲವು ಗೆಳತಿಯರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಊದ್ ಎನ್ನುವುದು ಅರಬಿ ಮಾತು, ಅಗರು ಮರದ ಸುವಾಸನೆಯ ಕಟ್ಟಿಗೆಗೆ ಆ ಹೆಸರು. ನಮ್ಮ ಮನೆಯ ಉರ್ದುವಿನಲ್ಲೂ ಊದ್‌ಬತ್ತಿ ಎಂದೇ ಅನ್ನುತ್ತೇವೆ. ಪಕ್ಕದ ಮನೆಯ ಗೌಡರ ಅಜ್ಜಿಯೂ ಅದನ್ನೇ ಅನ್ನುತ್ತಾರೆ. ಅವರ ಮನೆಯಲ್ಲಿ ದೇವರ ಮುಂದೆ, ನಮ್ಮಲ್ಲಿ ಗುರುವಾರ ಸಂಜೆ ಫಾತಿಹಾ ಓದುವಾಗ ಅದೇ ಬತ್ತಿ ಉರಿಯುತ್ತದೆ.

ಬತ್ತಿಯಾಗುವುದು ಹೇಗೆ ಎಂದು ದಾದಿ ಹೇಳಿದ್ದನ್ನು ಬರೆಯುತ್ತೇನೆ. ಬಿದಿರಿನ ತೆಳು ಕಡ್ಡಿ ಬೇಕು. ಇದ್ದಿಲು ಪುಡಿ, ಮರದ ಹೊಟ್ಟು, ಅಂಟು ಬರಲು ಜಿಗಟು ಪುಡಿ ಬೇಕು. ಜಿಗಟು ಒಂದು ಜಾತಿಯ ಮರದ ತೊಗಟೆಯನ್ನು ಒಣಗಿಸಿ ಬೀಸಿದ ಪುಡಿ. ಇವನ್ನು ನೀರಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಮಣೆಯ ಮೇಲೆ ಕಡ್ಡಿಯನ್ನಿಟ್ಟು ಅಂಗೈಯಲ್ಲಿ ಹೊರಳಿಸುತ್ತಾ ಹೊಸೆಯಬೇಕು. ಹಿಡಿಯುವುದಕ್ಕೆ ಕೆಳಗೆ ಸ್ವಲ್ಪ ಕಡ್ಡಿ ಖಾಲಿ ಬಿಡಬೇಕು. ಒಣಗಿಸಿ ಕಟ್ಟು ಕಟ್ಟಿದರೆ ಅದು ಕಚ್ಚಾ ಬತ್ತಿ. ಅದಕ್ಕೆ ವಾಸನೆ ಇರುವುದಿಲ್ಲ. ಕಾರ್ಖಾನೆಯವರು ಅದನ್ನು ಸೆಂಟಿನಲ್ಲಿ ಅದ್ದಿ, ಒಣಗಿಸಿ, ಪ್ಯಾಕೆಟ್ ಮಾಡುತ್ತಾರೆ. ಹೆಸರು, ಡಬ್ಬಿ, ಜಾಹೀರಾತು ಎಲ್ಲ ಆಮೇಲಿನ ಮಾತು.

ಅಂದರೆ ಒಂದು ಬತ್ತಿಯಲ್ಲಿ ಮೂರು ಕೆಲಸಗಳಿವೆ: ಕಡ್ಡಿ ಸೀಳುವುದು, ಬತ್ತಿ ಹೊಸೆಯುವುದು, ಸೆಂಟು ಹಾಕಿ ಮಾರುವುದು. ಮೈಸೂರು ಹೆಸರಾಗಿರುವುದು ಮೂರನೆಯದಕ್ಕೆ. 1948ರಲ್ಲಿ ಎನ್. ರಂಗರಾವ್ ಅವರು ಮೈಸೂರಿನಲ್ಲಿ ಶುರು ಮಾಡಿದ ಸಂಸ್ಥೆಯ ಸೈಕಲ್ ಬ್ರ್ಯಾಂಡ್ ಇವತ್ತು ದೇಶದಲ್ಲೆಲ್ಲ ಸಿಗುತ್ತದೆ. 2005ರಲ್ಲಿ ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಎರಡನೆಯ ಕೆಲಸ, ಹೊಸೆಯುವುದು, ಮೈಸೂರಿನ ಮೊಹಲ್ಲಾಗಳಲ್ಲಿ, ಸುತ್ತಲಿನ ಊರುಗಳ ಮನೆಗಳಲ್ಲಿ ಹೆಂಗಸರು ಮಾಡುತ್ತಿದ್ದರು. ಮನೆ ಬಿಟ್ಟು ಹೋಗಲಾಗದವರಿಗೆ ಬೀಡಿ ಕಟ್ಟುವುದು, ಬತ್ತಿ ಹೊಸೆಯುವುದು ಇವೆರಡೇ ದಾರಿ ಇದ್ದವು ಎಂದು ಅಮ್ಮಿ ಹೇಳುತ್ತಾರೆ. ಮೊದಲನೆಯದು, ಕಡ್ಡಿ, ಯಾವತ್ತೂ ನಮ್ಮ ಊರಿನದಾಗಿರಲಿಲ್ಲ. ಅದು ತ್ರಿಪುರಾದಂಥ ಈಶಾನ್ಯ ರಾಜ್ಯಗಳಿಂದ ಮೂಟೆಗಳಲ್ಲಿ ಬರುತ್ತಿತ್ತು.

ದಾದಿಯ ಹತ್ತಿರ ಒಂದು ನೋಟ್‌ಬುಕ್ ಇದೆ. ದಾದಿಗೆ ಓದು ಬರೆಹ ಬರುವುದಿಲ್ಲ, ಬರೆದಿದ್ದು ಅಮ್ಮಿ. ಎಡಕ್ಕೆ ತಾರೀಖು, ನಡುವೆ ಎಷ್ಟು ಸಾವಿರ ಬತ್ತಿ, ಬಲಕ್ಕೆ ಬಂದ ಹಣ. ಮೊದಲ ಪುಟ 2006ರದ್ದು, ಸಾವಿರಕ್ಕೆ 9 ರೂಪಾಯಿ. ದಿನಕ್ಕೆ ನಾಲ್ಕು ಸಾವಿರ ಹೊಸೆದರೆ 36 ರೂಪಾಯಿ. ಹಬ್ಬದ ವಾರ ಸೊನ್ನೆ. ಅಲ್ಲಲ್ಲಿ "ಕಡಿತ" ಎಂದು ಬರೆದಿದೆ, ಬತ್ತಿ ಬಾಗಿದೆ ಎಂದು ಮಾಲು ಕೊಡುವವರು ಹಿಡಿದುಕೊಂಡ ಹಣ ಅದು. ಬಾಗಿದ ಬತ್ತಿಯನ್ನು ವಾಪಸ್ ಕೊಡುತ್ತಿರಲಿಲ್ಲವಂತೆ. ಲೆಕ್ಕಶಾಸ್ತ್ರ ಓದುವ ನನಗೆ ಆ ನೋಟ್‌ಬುಕ್ ಒಳ್ಳೆಯ ನಗದು ಪುಸ್ತಕದ ಹಾಗೆ ಕಾಣಿಸಿತು, ಒಂದು ದಿನವೂ ತಪ್ಪಿಲ್ಲ. ದರ ನಿಧಾನಕ್ಕೆ 17 ರೂಪಾಯಿಗೆ ಏರುತ್ತದೆ. 2012ರಲ್ಲಿ ವಾರದ ಸಂಖ್ಯೆ ಇಳಿಯತೊಡಗುತ್ತದೆ, ಇಪ್ಪತ್ತು ಸಾವಿರ, ಹನ್ನೆರಡು, ಎಂಟು. 2013ರ ಮಾರ್ಚ್ ಆದ ಮೇಲೆ ಪುಟಗಳು ಖಾಲಿ. ಮಾಲು ಕೊಡುತ್ತಿದ್ದವರು ಬರುವುದನ್ನೇ ನಿಲ್ಲಿಸಿದರು. ಯಾಕೆ ಎಂದು ಯಾರೂ ಹೇಳಲಿಲ್ಲ. ಇನ್ನು ಮೆಷಿನ್ ಬತ್ತಿ ಬರುತ್ತದೆ, ಅಷ್ಟೇ ಗೊತ್ತಿತ್ತು. ಆ ಹಣದಲ್ಲಿ ನಮ್ಮ ದೊಡ್ಡ ಫುಪ್ಪು ಡಿಗ್ರಿ ಮುಗಿಸಿದ್ದರು. ಚಿಕ್ಕ ಫುಪ್ಪುವಿನ ಓದು ಎಸ್‌ಎಸ್‌ಎಲ್‌ಸಿಗೆ ನಿಂತಿತು. ಅಮ್ಮಿ ಆಮೇಲೆ ಸೀಸನ್‌ನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗತೊಡಗಿದರು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಇದು ಹೇಳಬೇಕಾದ ಮಾತಲ್ಲ, ಎಲ್ಲರಿಗೂ ಗೊತ್ತು.

ಯಾಕೆ ನಿಂತಿತು ಎಂದು ಈಗ ಹುಡುಕಿದರೆ ಉತ್ತರ ಸಿಗುತ್ತದೆ. ನಮ್ಮ ಊರಿನಲ್ಲಿ ಅಲ್ಲ, ಸುಂಕದ ಪಟ್ಟಿಯಲ್ಲಿ.

2010ರ ಜನವರಿಯಿಂದ ಆಸಿಯಾನ್ ದೇಶಗಳ ಜೊತೆ ಭಾರತದ ಸರಕು ವ್ಯಾಪಾರ ಒಪ್ಪಂದ ಜಾರಿಗೆ ಬಂತು. ವಿಯೆಟ್ನಾಂ ಆ ಗುಂಪಿನಲ್ಲಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹೇಳುವ ಪ್ರಕಾರ, 2011ರಲ್ಲಿ ಆಮದು ಸುಂಕ ಶೇ. 30ರಿಂದ ಶೇ. 10ಕ್ಕೆ ಇಳಿಯಿತು. 2009ರಲ್ಲಿ 31 ಕೋಟಿ ರೂಪಾಯಿ ಇದ್ದ ಕಚ್ಚಾ ಬತ್ತಿಯ ಆಮದು 2019ಕ್ಕೆ 546 ಕೋಟಿ ರೂಪಾಯಿಗೆ ಏರಿತು. ದೇಶದ ಊದುಬತ್ತಿ ಘಟಕಗಳಲ್ಲಿ ಸುಮಾರು ಕಾಲು ಭಾಗ ಮುಚ್ಚಿದವು. ದಾದಿಯ ನೋಟ್‌ಬುಕ್ ಖಾಲಿಯಾದದ್ದು ಈ ಎರಡು ವರ್ಷಗಳ ಮಧ್ಯೆ.

ಪ್ರಥಮ ಪಿಯುಸಿಯಲ್ಲಿ ನಾವು ಬ್ರಿಟಿಷರ ಕಾಲದ ಕೈಗಾರಿಕೆಯ ಅವನತಿ ಓದಿದೆವು. ಢಾಕಾದ ಮಸ್ಲಿನ್, ನೇಕಾರರು, ಲ್ಯಾಂಕಾಶೈರಿನ ಗಿರಣಿ ಬಟ್ಟೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅದು. ಎಲ್ಲ ದೋಷ ಪರದೇಶದವರದು ಎಂದು ಬರೆದು ಅಂಕ ತೆಗೆದುಕೊಂಡೆವು. ಬತ್ತಿಯ ವಿಷಯದಲ್ಲಿ ಹಾಗೆ ಬರೆಯಲು ಆಗುವುದಿಲ್ಲ. ಸುಂಕ ಇಳಿಸಿದ್ದು ನಮ್ಮದೇ ಸರ್ಕಾರ. ತರಿಸಿಕೊಂಡವರು ನಮ್ಮದೇ ವ್ಯಾಪಾರಿಗಳು. ಅವರ ಕಡೆಯ ಮಾತೂ ಇದೆ: ಮೆಷಿನ್ ಬತ್ತಿ ಒಂದೇ ಅಳತೆ, ಬಾಗುವುದಿಲ್ಲ, ಸೆಂಟನ್ನು ಒಂದೇ ಸಮ ಹೀರುತ್ತದೆ, ಹಬ್ಬದ ವಾರವೂ ಬರುತ್ತದೆ. ಹೊಸೆಯುವುದನ್ನು ವಿಯೆಟ್ನಾಂನಿಂದ ತರಿಸಿ, ಸೆಂಟು ಹಾಕುವುದನ್ನು ಇಲ್ಲಿ ಮಾಡಿದರೆ ಪ್ಯಾಕೆಟ್ ಅಗ್ಗವಾಗುತ್ತದೆ, ಮಾರಾಟ ಹೆಚ್ಚುತ್ತದೆ. ಪ್ಯಾಕೆಟ್ ಮೇಲಿನ ಊರಿನ ಹೆಸರು ಬದಲಾಗಬೇಕಿಲ್ಲ. ಕೊಳ್ಳುವ ನಮಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗಿರಲಿಲ್ಲವಲ್ಲ.

ತರಗತಿಯಲ್ಲಿ ಮೊಬೈಲ್ ಬಗ್ಗೆ ಬರೆದವರಿಗೂ ಕೊನೆಗೆ ಇದೇ ತೊಡಕು ಎದುರಾಯಿತು. ಭಾರತದಲ್ಲಿ ತಯಾರಾದದ್ದು ಎಂದು ಪೆಟ್ಟಿಗೆಯ ಮೇಲಿದೆ. ಒಳಗಿನ ಚಿಪ್ಪು, ಪರದೆ ಹೊರಗಿನಿಂದ ಬಂದಿರುತ್ತವೆ, ಇಲ್ಲಿ ಜೋಡಣೆಯಾಗಿರುತ್ತದೆ. ಸರ್ ಇದನ್ನು ಮೌಲ್ಯವರ್ಧನೆ ಎಂಬ ಪದದಿಂದ ವಿವರಿಸಿದರು. ಒಂದು ವಸ್ತುವಿನ ಬೆಲೆಯಲ್ಲಿ ಎಷ್ಟು ಪಾಲು ಈ ನೆಲದಲ್ಲಿ ಸೇರಿಸಿದ್ದು ಎಂಬುದೇ ಲೆಕ್ಕ. ತಯಾರಿಕೆ ಎಂದರೆ ಒಂದು ಕೆಲಸವಲ್ಲ, ಹತ್ತು ಹಂತ. ಕೆಲವು ಹಂತ ಹೋಗುತ್ತವೆ, ಕೆಲವು ಉಳಿಯುತ್ತವೆ, ಹೆಸರು ಮಾತ್ರ ಹಾಗೇ ಇರುತ್ತದೆ.

ಇದರ ತಿರುವುಮುರುವು ಕಥೆ ನಮ್ಮ ಅಬ್ಬಾನ ಗ್ಯಾರೇಜಿನಲ್ಲಿದೆ. ಅಬ್ಬಾ ಬೈಕ್ ರಿಪೇರಿ ಮಾಡುತ್ತಾರೆ. ವರ್ಷಕ್ಕೆ ಮೂರು ನಾಲ್ಕಾದರೂ ಹಳೆಯ ಯೆಜ್ಡಿ ಬರುತ್ತವೆ, ಆ ದಿನ ಅಬ್ಬಾನಿಗೆ ಊಟ ನೆನಪಿರುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜೆಕೊಸ್ಲೊವಾಕಿಯಾದ ಕಂಪನಿಯ ಲೈಸೆನ್ಸ್ ಪಡೆದು 1961ರಿಂದ ಜಾವಾ ತಯಾರಿಸಿದರು, 1973ರಿಂದ ಯೆಜ್ಡಿ ಹೆಸರಿನಲ್ಲಿ. 1996ರಲ್ಲಿ ಬೀಗ ಬಿತ್ತು. 2018ರಲ್ಲಿ ಜಾವಾ ಮರಳಿ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಪತ್ರಿಕೆಗಳಲ್ಲಿ ಪುನರ್ಜನ್ಮ ಎಂದು ಬರೆದರು. ಆದರೆ ಹೊಸ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಾಂಪುರದಲ್ಲಿ. ಅಲ್ಲಿಯವರೂ ನಮ್ಮವರೇ, ದೇಶದ ಲೆಕ್ಕದಲ್ಲಿ ತಯಾರಿಕೆ ವಾಪಸ್ ಬಂದಿದೆ, ಒಪ್ಪುತ್ತೇನೆ. ಆದರೆ ಮೈಸೂರಿನ ಫಿಟ್ಟರ್‌ಗೆ, ಪೇಂಟರ್‌ಗೆ ಅದರಿಂದ ಏನೂ ವಾಪಸ್ ಬಂದಿಲ್ಲ.

ಹಾಗೆಂದು ಮೈಸೂರಿಗೆ ಏನೂ ಬಂದಿಲ್ಲ ಎಂದರೆ ತಪ್ಪಾಗುತ್ತದೆ. ನಮ್ಮ ನೋಟುಗಳಿಗೆ ಬೇಕಾದ ಕಾಗದದ ಬಹುಪಾಲನ್ನು ಹಿಂದೆ ಹೊರದೇಶಗಳಿಂದ ತರಿಸುತ್ತಿದ್ದರು. 2010ರಲ್ಲಿ ಮೈಸೂರಿನಲ್ಲಿ ನೋಟಿನ ಕಾಗದದ ಕಾರ್ಖಾನೆಗೆ ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 12,000 ಟನ್ ಕಾಗದ ಮಾಡುವ ಸಾಮರ್ಥ್ಯ ಅದಕ್ಕಿದೆ. 2022ರ ಮಾರ್ಚ್‌ನಲ್ಲಿ ನೋಟಿನ ಶಾಯಿ ಮಾಡುವ ವರ್ಣಿಕಾ ಘಟಕವೂ ಇಲ್ಲೇ ಉದ್ಘಾಟನೆಯಾಯಿತು. ನೋಟು ಮುದ್ರಿಸುವುದು ಇಲ್ಲಿತ್ತು, ಕಾಗದ ಬಂತು, ಶಾಯಿ ಬಂತು. ಹಂತಗಳು ಒಂದೊಂದಾಗಿ ಮನೆಗೆ ಬರುವುದು ಎಂದರೆ ಇದೇ ಇರಬೇಕು. ಆದರೆ ನೋಟಿನ ಕಾಗದಕ್ಕೆ ಕೊಳ್ಳುವವರು ಖಚಿತ, ರಿಸರ್ವ್ ಬ್ಯಾಂಕಿನವರು ಬೇರೆ ಅಂಗಡಿಗೆ ಹೋಗುವುದಿಲ್ಲ. ಬತ್ತಿಗೆ ಆ ಅದೃಷ್ಟವಿಲ್ಲ.

ಬತ್ತಿಗೆ ಮರಳೋಣ. 2019ರ ಆಗಸ್ಟ್ 31ರಂದು ಕೇಂದ್ರ ಸರ್ಕಾರ ಊದುಬತ್ತಿಯ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಹಾಕಿತು. ಅಂದರೆ ಇನ್ನು ಮುಂದೆ ಪರವಾನಗಿ ಇಲ್ಲದೆ ತರಿಸುವ ಹಾಗಿಲ್ಲ. ಒಳ್ಳೆಯದಾಯಿತು ಎನ್ನುವಷ್ಟರಲ್ಲಿ ವ್ಯಾಪಾರ ಇನ್ನೊಂದು ಬಾಗಿಲು ಹುಡುಕಿತು. ಬತ್ತಿ ಬೇಡ, ದುಂಡು ಬಿದಿರು ಕಡ್ಡಿಯನ್ನೇ ತರಿಸೋಣ ಎಂದರು. ಕಡ್ಡಿಯ ಆಮದು 2018-19ರಲ್ಲಿ 210 ಕೋಟಿ ಇದ್ದದ್ದು ಮರುವರ್ಷ 370 ಕೋಟಿಯಾಯಿತು. 2020ರ ಜೂನ್‌ನಲ್ಲಿ ಸರ್ಕಾರ ಕಡ್ಡಿಯ ಸುಂಕವನ್ನು ಶೇ. 10ರಿಂದ ಶೇ. 25ಕ್ಕೆ ಏರಿಸಿತು.

ಇಲ್ಲಿ ನನಗೆ ಒಂದು ಪ್ರಶ್ನೆ ಬಂತು. ನಾವು ಎಚ್.ಡಿ. ಕೋಟೆಯ ಪಕ್ಕದವರು. ಕಾಕನಕೋಟೆ ಕಾಡಿನ ದಾರಿಯಲ್ಲಿ ಹೋದವರಿಗೆ ಬಿದಿರು ಹೊಸದಲ್ಲ. ಇಷ್ಟು ಬಿದಿರು ಇರುವ ದೇಶ ಹಲ್ಲುಕಡ್ಡಿಗಿಂತ ಸ್ವಲ್ಪ ಉದ್ದದ ಒಂದು ಕಡ್ಡಿಯನ್ನು ಚೀನಾದಿಂದ ಯಾಕೆ ತರಿಸಬೇಕು? ನಮ್ಮ ಬಿದಿರು ದುಬಾರಿಯೇ?

ಅಲ್ಲ, ನಮ್ಮದೇ ಅಗ್ಗ. ಖಾದಿ ಆಯೋಗ ಕೊಟ್ಟಿರುವ ಲೆಕ್ಕ ನೋಡಿ ನಾನು ಎರಡು ಸಲ ಓದಿದೆ. ಭಾರತದಲ್ಲಿ ಬಿದಿರು ಟನ್ನಿಗೆ ಸರಾಸರಿ 4,000ದಿಂದ 5,000 ರೂಪಾಯಿ. ಚೀನಾದಲ್ಲಿ 8,000ದಿಂದ 10,000. ಆದರೆ ಕಡ್ಡಿಗೆ ಬೀಳುವ ಬಿದಿರಿನ ಖರ್ಚು ನಮ್ಮಲ್ಲಿ ಟನ್ನಿಗೆ 25,000ದಿಂದ 40,000, ಅವರಲ್ಲಿ 12,000ದಿಂದ 15,000. ಅಗ್ಗದ ಬಿದಿರಿನಿಂದ ದುಬಾರಿ ಕಡ್ಡಿ!

ಗುಟ್ಟು ಇರುವುದು ತ್ಯಾಜ್ಯದಲ್ಲಿ. ಬಿದಿರಿನ ಗಿಣ್ಣು, ಬುಡ, ತುದಿ, ಸೀಳುವಾಗ ಬೀಳುವ ಚೂರು ಎಲ್ಲ ಹೋಗಿ ಕಡ್ಡಿಗೆ ಉಪಯೋಗವಾಗುವುದು ನೂರಕ್ಕೆ 16 ಪಾಲು ಮಾತ್ರ. ಉಳಿದ 84 ವ್ಯರ್ಥ. ಒಂದು ಟನ್ ಕಡ್ಡಿ ಬೇಕಾದರೆ ಆರೂಕಾಲು ಟನ್ ಬಿದಿರು ಕೊಳ್ಳಬೇಕು. ಟನ್ನಿಗೆ 4,000 ಎಂದರೆ ಆರೂಕಾಲು ಟನ್ನಿಗೆ ಸರಿಯಾಗಿ 25,000. ಚೀನಾದವರು ಆ 84 ಪಾಲನ್ನು ಬಿಸಾಡುವುದಿಲ್ಲ. ಇದ್ದಿಲು ಮಾಡುತ್ತಾರೆ, ಬೇರೆ ಬೇರೆ ಸಾಮಾನು ಮಾಡುತ್ತಾರೆ, ಮಾರುತ್ತಾರೆ. ಆ ಹಣವನ್ನು ಕಡ್ಡಿಯ ಖರ್ಚಿನಿಂದ ಕಳೆಯುತ್ತಾರೆ. ನಮ್ಮ ಕಡೆ ಹುರುಳಿ ಬೇಯಿಸಿದ ಕಟ್ಟಿನಲ್ಲಿ ಸಾರು ಮಾಡಿ, ಕಾಳಿನಲ್ಲಿ ಪಲ್ಯ ಮಾಡುತ್ತಾರಲ್ಲ, ಹಾಗೆ. ಕಟ್ಟು ಚೆಲ್ಲಿದವರ ಮನೆಯಲ್ಲಿ ಪಲ್ಯದ ಖರ್ಚು ಜಾಸ್ತಿ.

ಹೊಸ ಸುಂಕ ಈ ವ್ಯತ್ಯಾಸವನ್ನು ಮುಚ್ಚುತ್ತದೆಯೇ ಎಂದು ಲೆಕ್ಕ ಹಾಕಿದೆ. ಅವರ 15,000ಕ್ಕೆ ಶೇ. 25 ಸೇರಿಸಿದರೆ 18,750. ಹಡಗಿನ ಬಾಡಿಗೆ, ಅವರ ಲಾಭ, ಸೀಳುವ ಕೂಲಿ ಬಿಟ್ಟು ಬರೀ ಬಿದಿರಿನ ಖರ್ಚು ಹೋಲಿಸಿದರೆ ಇನ್ನೂ ನಮ್ಮ 25,000ಕ್ಕಿಂತ ಕಡಿಮೆಯೇ. ಅಂದರೆ ಸುಂಕ ಒಂದು ತಡೆಗೋಡೆ, ಅಷ್ಟೇ. ಗೋಡೆಯ ಈಚೆ ನಾವು 84 ಪಾಲನ್ನು ಏನು ಮಾಡುತ್ತೇವೆ ಎಂಬುದೇ ಮುಖ್ಯ. 2022ರ ಮೇ ತಿಂಗಳಲ್ಲಿ ಬಿದಿರಿನ ಇದ್ದಿಲನ್ನು ರಫ್ತು ಮಾಡಲು ಅನುಮತಿ ಸಿಕ್ಕಿದೆ, ಅದಕ್ಕೂ ಮುಂಚೆ ನಿಷೇಧವಿತ್ತು. ಬತ್ತಿಯ ಮಸಾಲೆಗೆ ಬೇಕಾಗುವುದೂ ಇದ್ದಿಲು ಪುಡಿಯೇ ಎಂಬುದು ದಾದಿ ನೆನಪಿಸಿದ ಮಾತು. ಕಡ್ಡಿ ಸೀಳಿದ ಜಾಗದಲ್ಲೇ ಇದ್ದಿಲೂ ಆದರೆ ಒಂದೇ ಬಿದಿರು ಬತ್ತಿಯ ಒಳಗೂ ಹೊರಗೂ ಸೇರುತ್ತದೆ.

ಕಾಕನಕೋಟೆಯ ಬಿದಿರನ್ನೇ ಕಡಿಯೋಣ ಎಂದು ಯಾರೂ ಓದಿಕೊಳ್ಳಬಾರದು. ಅದು ಆನೆಗಳ ಊಟ, ಮತ್ತು ನಮ್ಮ ಕಡೆಯ ಮುಳ್ಳು ಬಿದಿರು, ಗಟ್ಟಿ ಕಿರುಬಿದಿರಿಗಿಂತ ಗಿಣ್ಣಿನಿಂದ ಗಿಣ್ಣಿಗೆ ಉದ್ದ ಅಂತರವಿರುವ ಈಶಾನ್ಯದ ಜಾತಿಗಳೇ ಈ ಕಡ್ಡಿಗೆ ಹೆಚ್ಚು ಒಗ್ಗುತ್ತವೆ. ಆದರೆ 2017ರ ಕಾನೂನು ತಿದ್ದುಪಡಿಯ ನಂತರ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯಿದೆಯ ಲೆಕ್ಕದಲ್ಲಿ ಮರವಲ್ಲ. ಹೊಲದ ಬದುವಿನಲ್ಲಿ ಬೆಳೆಯಲು ಮೊದಲಿನ ತೊಡಕು ಇಲ್ಲ. ಹೊಗೆಸೊಪ್ಪು ಬಿಟ್ಟರೆ ಬೇರೇನು ಎಂದು ನಮ್ಮ ತಾಲ್ಲೂಕುಗಳ ರೈತರು ಕೇಳುತ್ತಲೇ ಇದ್ದಾರೆ. ಅದಕ್ಕೆ ಬಿದಿರೇ ಉತ್ತರ ಎಂದು ಹೇಳುವಷ್ಟು ನಾನು ಕೃಷಿ ಓದಿಲ್ಲ.

ಈಗ ಎರಡನೆಯ ಹಂತ, ದಾದಿಯ ಹಂತ. 2020ರಲ್ಲಿ ಖಾದಿ ಆಯೋಗ ಊದುಬತ್ತಿಗೆಂದೇ ಒಂದು ಯೋಜನೆ ತಂದಿತು. ಆಗ ಅವರು ಹೇಳಿದ್ದು: ದೇಶದಲ್ಲಿ ದಿನಕ್ಕೆ 1,490 ಟನ್ ಬತ್ತಿ ಬೇಕು, ತಯಾರಾಗುವುದು 760 ಟನ್. ಒಂದು ಸ್ವಯಂಚಾಲಿತ ಮೆಷಿನ್ ದಿನಕ್ಕೆ ಸುಮಾರು 80 ಕೆಜಿ ಕಚ್ಚಾ ಬತ್ತಿ ಮಾಡುತ್ತದೆ, ನಾಲ್ಕು ಜನಕ್ಕೆ ಕೆಲಸ ಕೊಡುತ್ತದೆ. ಕೂಲಿ ದರ ಕೆಜಿಗೆ 15 ರೂಪಾಯಿ. ದಿನಕ್ಕೆ 1,200 ರೂಪಾಯಿ, ನಾಲ್ವರಿಗೆ ತಲಾ 300. ಮೆಷಿನ್ ಬೆಲೆಯಲ್ಲಿ ಶೇ. 25 ಸಬ್ಸಿಡಿ, ಉಳಿದದ್ದು ಕಂತಿನಲ್ಲಿ.

ಕೊರತೆಯ 730 ಟನ್ನನ್ನು 80 ಕೆಜಿಯಿಂದ ಭಾಗಿಸಿದರೆ 9,125 ಮೆಷಿನ್ ಬೇಕು. ನಾಲ್ಕರಂತೆ 36,500 ಜನಕ್ಕೆ ಕೆಲಸ. ಇದು ನನ್ನ ಭಾಗಾಕಾರ, ಆಯೋಗದ್ದಲ್ಲ.

ಆಮೇಲೆ ಬೀದಿ ಕೊನೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕಚ್ಚಾ ಬತ್ತಿ ತೂಗಿಸಿದೆ. ಒಂದು ಕೆಜಿಗೆ ಹತ್ತಿರಹತ್ತಿರ ಒಂದು ಸಾವಿರ ಬತ್ತಿ ಬಂತು. ಹಾಗಾದರೆ ದಾದಿಯ ದಿನದ ನಾಲ್ಕು ಸಾವಿರ ಎಂದರೆ 4 ಕೆಜಿ. ಒಂದು ಮೆಷಿನ್ ಮಾಡುವುದು ಇಪ್ಪತ್ತು ದಾದಿಯರ ಕೆಲಸ. ದಾದಿಗೆ ಅದೇ 15 ರೂಪಾಯಿ ದರ ಹಾಕಿದರೆ ದಿನಕ್ಕೆ 60 ಸಿಗುತ್ತದೆ, ಇಪ್ಪತ್ತು ಜನಕ್ಕೆ 1,200. ಮೆಷಿನ್ ಹತ್ತಿರ ನಿಂತ ನಾಲ್ವರಿಗೂ ಸೇರಿ ಅದೇ 1,200. ಹಣ ಒಂದೇ, ಪಾಲುದಾರರು ಮಾತ್ರ ಇಪ್ಪತ್ತರಿಂದ ನಾಲ್ಕಕ್ಕೆ ಇಳಿದರು.

ಈ ಲೆಕ್ಕ ಬರೆದಾಗ ನನಗೆ ಸಂತೋಷವಾಗಬೇಕೋ ಬೇಸರವಾಗಬೇಕೋ ತಿಳಿಯಲಿಲ್ಲ. 60 ರೂಪಾಯಿಯ ಕೆಲಸ ಉಳಿಯಬೇಕು ಎಂದು ಕೇಳುವುದು ನ್ಯಾಯವಲ್ಲ. ದಾದಿಯ ಬೆನ್ನು ನೋಡಿದವರು ಯಾರೂ ಹಾಗೆ ಕೇಳುವುದಿಲ್ಲ. ಹಾಗೆಂದು ಉಳಿದ ಹದಿನಾರು ಜನ ಎಲ್ಲಿ ಹೋಗಬೇಕು ಎಂದು ಯೋಜನೆಯ ಕಾಗದದಲ್ಲಿ ಇಲ್ಲ. ಕೈಕೆಲಸವನ್ನು ಜೊಹರ್ ನಮಾಜಿನ ನಂತರ ಒಂದು ಗಂಟೆ, ಮಗು ಮಲಗಿದಾಗ ಅರ್ಧ ಗಂಟೆ ಹೀಗೆ ತುಂಡು ತುಂಡಾಗಿ ಮಾಡಬಹುದಿತ್ತು. ಮೆಷಿನ್‌ಗೆ ಬೇರೆ ಕೋಣೆ ಬೇಕು, ಕರೆಂಟ್ ಬೇಕು, ಎಂಟು ಗಂಟೆ ನಿಲ್ಲಬೇಕು. 2014ರ ಸೆಪ್ಟೆಂಬರ್ 25ರಂದು ಮೇಕ್ ಇನ್ ಇಂಡಿಯಾ ಶುರುವಾದಾಗ, ದೇಶದ ಉತ್ಪನ್ನದಲ್ಲಿ ತಯಾರಿಕೆಯ ಪಾಲು 2022ಕ್ಕೆ ಶೇ. 25 ಆಗಬೇಕು ಎಂದು ಗುರಿ ಇಟ್ಟರು. ಶೇ. 20ನ್ನೂ ಮುಟ್ಟಲಿಲ್ಲ. ಒಂದು ವೇಳೆ ಮುಟ್ಟಿದ್ದರೂ, ಆ ಪಾಲು ಎಷ್ಟು ಜನರ ಕೈಗೆ ಹೋಯಿತು ಎಂಬುದು ಆ ಒಂದು ಸಂಖ್ಯೆಯಲ್ಲಿ ಕಾಣಿಸುತ್ತಿರಲಿಲ್ಲ.

ಕೆಲಸ ಹೋದರೂ ಕಲಿತ ಕೈ ಕೆಲವು ಕಾಲ ಉಳಿಯುತ್ತದೆ ಎನ್ನುವುದಕ್ಕೆ ನಮ್ಮ ಊರೇ ಉದಾಹರಣೆ. ಬ್ರಿಟಿಷರ ಕಾಲದಲ್ಲಿ ಹುಣಸೂರಿನಲ್ಲಿ ಸೈನ್ಯಕ್ಕೆಂದು ಚರ್ಮ ಹದ ಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಸರ್ಕಾರಿ ಕಾರ್ಖಾನೆಗಳಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲೇ ಅವು ಮುಚ್ಚಿದವು. ಆದರೆ ಅಲ್ಲಿ ಕಲಿತ ಬಡಗಿಗಳಿಂದ ಹುಣಸೂರಿನ ಎತ್ತಿನಗಾಡಿಗೆ ಆಮೇಲೂ ಹೆಸರಿತ್ತು. ನಮ್ಮ ಬೀದಿಯಲ್ಲಿ ಬತ್ತಿ ಹೊಸೆಯಲು ಬರುವವರು ಈಗ ಐವರು ಇದ್ದಾರೆ. ಎಲ್ಲರೂ ಐವತ್ತು ದಾಟಿದವರು.

ಇದನ್ನೆಲ್ಲ ನಾನು ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣ ಇದೆ. ಅಮ್ಮಿ ಮತ್ತು ನನ್ನ ಖಾಲಾ ಸೇರಿ ಒಂದು ಬತ್ತಿ ಮೆಷಿನ್ ಹಾಕಬೇಕು ಎಂದು ರಂಜಾನ್ ಕಳೆದಾಗಿನಿಂದ ಮಾತಾಡುತ್ತಿದ್ದಾರೆ. ಲೆಕ್ಕ ನೋಡುವ ಕೆಲಸ ನನಗೆ ಬಿದ್ದಿದೆ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಎಂದು ಒಂದಿದೆ, ಪಿಎಂಇಜಿಪಿ ಎನ್ನುತ್ತಾರೆ. ಮಹಿಳೆಯರು, ಅಲ್ಪಸಂಖ್ಯಾತರು, ಪರಿಶಿಷ್ಟರು ಮುಂತಾದವರಿಗೆ ಯೋಜನಾ ವೆಚ್ಚದಲ್ಲಿ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35 ಸಬ್ಸಿಡಿ. ಸ್ವಂತದ ಹಣ ಶೇ. 5 ಹಾಕಿದರೆ ಸಾಕು, ಉಳಿದದ್ದು ಬ್ಯಾಂಕ್ ಸಾಲ. ಇದು ನಮ್ಮ ಕಾಲೇಜಿನ ಬಹಳ ಮನೆಗಳಿಗೆ ಗೊತ್ತಿಲ್ಲ, ಅದಕ್ಕೇ ಬರೆದಿದ್ದೇನೆ. ಖಾಲಾ ಇರುವುದು ಹಳ್ಳಿಯಲ್ಲಿ, ಆದ್ದರಿಂದ ಅವರ ಹೆಸರಿನಲ್ಲಿ ಹಾಕಿದರೆ ಒಳ್ಳೆಯದು. ಬ್ಯಾಂಕ್ ಸಾಲ ಎಂದರೆ ಬಡ್ಡಿ, ದಾದಿ ಒಪ್ಪುತ್ತಿಲ್ಲ. ಚಿನ್ನದ ಬಳೆ ಎರಡು ಮಾರಿ ಸ್ವಂತ ಹಣದಲ್ಲೇ ಹಳೆಯ ಮೆಷಿನ್ ಕೊಳ್ಳೋಣ ಎನ್ನುತ್ತಾರೆ. ಬಳೆ ಅವರದೇ.

ನನ್ನ ಭಯ ಬೇರೆ. ಈ ಕೆಲಸ ವಾಪಸ್ ಬಂದಿರುವುದು ಒಂದು ಅಧಿಸೂಚನೆಯಿಂದ. ಇನ್ನೊಂದು ಅಧಿಸೂಚನೆಯಲ್ಲಿ ಆಮದು ಮತ್ತೆ ಮುಕ್ತವಾದರೆ ಮೆಷಿನ್ ಮಾರಲು ಗುಜರಿಗೆ ಹೋಗಬೇಕು. ದಾದಿಯ ಮಣೆಗೆ ಹಾಗೆ ನಷ್ಟವಾಗಲಿಲ್ಲ, ಅದು ಈಗಲೂ ಚಪಾತಿ ಲಟ್ಟಿಸುವುದಕ್ಕೆ ಉಪಯೋಗವಾಗುತ್ತಿದೆ. ಅಮ್ಮಿ ಹೇಳುವುದು ಇಷ್ಟೇ: ಹೊಗೆಸೊಪ್ಪಿನ ಕೆಲಸ ವರ್ಷಕ್ಕೆ ಕೆಲವು ತಿಂಗಳು ಮಾತ್ರ, ಧೂಳಿಗೆ ಕೆಮ್ಮು ನಿಲ್ಲುವುದಿಲ್ಲ, ಮೆಷಿನ್ ಆದರೆ ಮನೆಯ ಪಕ್ಕದಲ್ಲಿರುತ್ತದೆ.

ಮೆಷಿನ್ ಬತ್ತಿಯ ಬಗ್ಗೆ ದಾದಿಗೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ಕೇಳಿದೆ. ಅವರು ಆ ದಿನದ ಬತ್ತಿಯನ್ನು ಮತ್ತೆ ಕೈಗೆ ತೆಗೆದುಕೊಂಡು, "ಒಳ್ಳೇದಾಗಿ ಮಾಡಿದ್ದಾರೆ. ನೋಡು, ಎಲ್ಲೂ ಬಾಗಿಲ್ಲ. ನಮಗೆ ಇದಕ್ಕೇ ಕಡಿತ ಆಗ್ತಿತ್ತು" ಅಂದರು.

ಮುಂದಿನ ಭಾನುವಾರ ಖಾಲಾ ಜೊತೆ ಮೈಸೂರಿಗೆ ಹೋಗಿ, ಬತ್ತಿ ಮೆಷಿನ್ ಓಡಿಸುತ್ತಿರುವ ಒಬ್ಬರ ಮನೆಯಲ್ಲಿ ನೋಡಿ ಬರುತ್ತೇವೆ. ಕೇಳಬೇಕಾದ್ದನ್ನು ದಾದಿಯ ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಬರೆದುಕೊಂಡಿದ್ದೇನೆ. ಕಡ್ಡಿ ಎಲ್ಲಿಂದ ಬರುತ್ತದೆ, ಕಳೆದ ಮೂರು ತಿಂಗಳ ಕರೆಂಟ್ ಬಿಲ್ ಎಷ್ಟು, ದಿನಕ್ಕೆ ನಿಜವಾಗಿ 80 ಕೆಜಿ ಆಗುತ್ತದೆಯೇ, ಕಡಿತ ಈಗಲೂ ಇದೆಯೇ.